ಉಮ್ಮತ್ತೂರು ಬಾವಿಯ ಪಕ್ಕೆಮೀನು

ಆ ಕೊಡ ನನ್ನ ನೆನಪಿನಲ್ಲಿ ಹಿತ್ತಾಳೆಯದು. ಬಿಸಿಲು ಬಿದ್ದು ಹೊಳೆಯುತ್ತದೆ, ಕಂಠಕ್ಕೆ ಅರಿಶಿನದ ದಾರ ಸುತ್ತಿದೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದೆ. ಆದರೆ ಭೀಮನಬೀಡಿನಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಚಾಮರಾಜನಗರಕ್ಕೆ ಇನ್ನೊಂದು, ಚಾಮರಾಜನಗರದಿಂದ ಉಮ್ಮತ್ತೂರಿಗೆ ಮತ್ತೊಂದು. ಇಷ್ಟು ಬಸ್ಸು ಹತ್ತಿ ಇಳಿಯುವ ಹೆಂಗಸು ನೀರು ತುಂಬಿದ ಹಿತ್ತಾಳೆ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಬರುವುದಿಲ್ಲ. ಅದು ಪ್ಲಾಸ್ಟಿಕ್ಕಿನದೇ ಇರಬೇಕು, ಆಗ ಎಲ್ಲರ ಮನೆಯಲ್ಲೂ ಇದ್ದ ನೀಲಿಯದೋ ಹಸಿರಿನದೋ. ಹಿತ್ತಾಳೆಯನ್ನು ನಾನೇ ಆಮೇಲೆ ಹಾಕಿಕೊಂಡಿದ್ದೇನೆ. ಅಂಥ ಸಂಗತಿಗೆ ಪ್ಲಾಸ್ಟಿಕ್ಕು ಒಪ್ಪುವುದಿಲ್ಲ ಎಂದು ಯಾವಾಗಲೋ ಅನಿಸಿರಬೇಕು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದರಲ್ಲಿಯೂ ಇಂಥವು ಇರುತ್ತವೆ. ಕೈಗೆ ಸಿಕ್ಕವನ್ನು ತೋರಿಸುತ್ತೇನೆ, ಸಿಗದವು ಹಾಗೇ ಉಳಿಯುತ್ತವೆ. ಕೊಡದೊಳಗೆ ಮೀನಿದ್ದವು ಎನ್ನುವುದು ಮಾತ್ರ ಖಂಡಿತ.

ಎರಡು ಸಾವಿರದ ದಶಕದ ಆರಂಭದ ಬರಗಾಲ ಕಳೆದು ಮಳೆ ಮತ್ತೆ ಒಂದು ಹದಕ್ಕೆ ಬರುತ್ತಿದ್ದ ದಿನಗಳು. ನಾನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಪ್ರತಿ ಜೂನಿನಲ್ಲಿ ಹೊಸದಾಗಿ ಅರ್ಜಿ ಹಾಕಿ ಪ್ರತಿ ಏಪ್ರಿಲ್ಲಿನಲ್ಲಿ ಮನೆಗೆ ಹೋಗುವ ತಾತ್ಕಾಲಿಕ ಉಪನ್ಯಾಸಕಿ. ಪಿಎಚ್.ಡಿ. ಆದರೆ ಕೆಲಸ ಕಾಯಂ ಆಗುವ ದಾರಿ ಒಂದಿತ್ತು, ಆಗದಿದ್ದರೆ ಅದೂ ಇರಲಿಲ್ಲ. ಮೈಸೂರಿನಲ್ಲಿ ನೋಂದಣಿ ಮಾಡಿಸಿದ್ದೆ. ಕೊಡಬಹುದಾದ ಹೆಚ್ಚುವರಿ ಅವಧಿಯನ್ನೂ ಕೊಟ್ಟು ಮುಗಿಸಿದ್ದರು. ಆ ವರ್ಷದ ಕೊನೆಯೊಳಗೆ ಪ್ರಬಂಧ ಒಪ್ಪಿಸಬೇಕಿತ್ತು.

ನನ್ನ ವಿಷಯ ಪಕ್ಕೆಮೀನು. ಈ ಕಡೆಯ ಕೆರೆ, ಹಳ್ಳ, ಕಾಲುವೆಗಳಲ್ಲೆಲ್ಲ ಸಿಗುವ ಬೆರಳುದ್ದದ ಬೆಳ್ಳಿ ಬಣ್ಣದ ಮೀನು ಅದು. ಸಂತೆಗೆ ಬಂದರೂ ಗುಡ್ಡೆ ಹಾಕಿ ಮಾರುತ್ತಾರೆ, ಒಂದೊಂದನ್ನಾಗಿ ಯಾರೂ ನೋಡುವುದಿಲ್ಲ. ನಾನು ಒಂದೊಂದನ್ನಾಗಿ ನೋಡಬೇಕಿತ್ತು. ಒಂದೇ ಜಾತಿಯ ಮೀನು ಬೇರೆ ಬೇರೆ ನೀರಿನಲ್ಲಿ ತಲೆಮಾರುಗಳ ಕಾಲ ಒಂದನ್ನೊಂದು ಕೂಡದೆ ಉಳಿದರೆ ಅದರ ಮೈಕಟ್ಟು ಬೇರೆಯಾಗುತ್ತದೆಯೇ? ಆಗುವುದಾದರೆ, ಅದು ನೀರಿಗೂ ಆಹಾರಕ್ಕೂ ತಕ್ಕಂತೆ ಮೈ ಮಾತ್ರ ಬದಲಾದದ್ದೋ, ಇಲ್ಲಾ ವಂಶದಲ್ಲೇ ಆದ ಬದಲಾವಣೆಯೋ? ಪ್ರಶ್ನೆ ಇಷ್ಟೇ. ಇದಕ್ಕಾಗಿ ನಾನು ಭೀಮನಬೀಡಿನ ಕೆರೆಯಲ್ಲಿ, ಗುಂಡ್ಲುಪೇಟೆಯ ಬಳಿ ಹೊಳೆಯಲ್ಲಿ, ಚಾಮರಾಜನಗರದ ಸುತ್ತಿನ ಕಾಲುವೆಗಳಲ್ಲಿ ಮೊಣಕಾಲವರೆಗೆ ಇಳಿದು ಬಲೆ ಎಳೆದಿದ್ದೆ. ಮೀನನ್ನು ತಟ್ಟೆಯಲ್ಲಿಟ್ಟು ವರ್ನಿಯರ್ ಹಿಡಿದು ತಲೆಯ ಉದ್ದ, ಬೆನ್ನಿನ ಎತ್ತರ, ಕಣ್ಣಿನ ಅಗಲ ಅಳೆಯುತ್ತಿದ್ದೆ. ಪಕ್ಕದ ಗೆರೆಯ ಹುರುಪೆ ಎಣಿಸುತ್ತಿದ್ದೆ. ಎಲ್ಲ ಕಡೆಯ ಮೀನೂ ಹೆಚ್ಚು ಕಡಿಮೆ ಒಂದೇ. ನೀಳ ಮೈ, ಸಣ್ಣ ಕಣ್ಣು, ಬಾಲದ ಬುಡದಲ್ಲಿ ಕಾಡಿಗೆ ಬೊಟ್ಟಿನಂತೆ ಸ್ಪಷ್ಟವಾದ ಒಂದು ಚುಕ್ಕೆ.

ಉಮ್ಮತ್ತೂರಿನ ಬಾವಿಯ ಮೀನು ಹಾಗಿರಲಿಲ್ಲ.

ಊರಾಚೆ ಅರಿಶಿನದ ಹೊಲವೊಂದರ ಮೂಲೆಯಲ್ಲಿ ಕಲ್ಲು ಕಟ್ಟಿದ ಮೆಟ್ಟಿಲುಬಾವಿ ಅದು. ಬೋರ್‌ವೆಲ್ ಬಂದ ಮೇಲೆ ನೀರಾವರಿಗೆ ಅದನ್ನು ಯಾರೂ ನೆಚ್ಚಿರಲಿಲ್ಲ, ಆದರೂ ಬರದಲ್ಲಿ ಸುತ್ತಲ ಬಾವಿಗಳೆಲ್ಲ ಬತ್ತಿದಾಗ ಅದರ ತಳದಲ್ಲಿ ನೀರು ಉಳಿದಿತ್ತು. ಮೊದಲ ಸಲ ಮೆಟ್ಟಿಲಿಳಿದು ನೋಡುತ್ತ ಕೂತಿದ್ದಾಗ ಮೇಲಿಂದ ದನಿ ಬಂತು.

"ಏನ್ ಕೂಸು, ಬಾವೀಲಿ ಏನ್ ಬೀಳಿಸ್ಕಂಡೆ?"

ತಲೆಯೆತ್ತಿದರೆ ಬಾವಿಯ ಒಡತಿ. ಕುಪ್ಪಸವಿಲ್ಲದ ಮೈಗೆ ಸೀರೆ ಬಿಗಿದು, ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡಿದ್ದ ಮುದುಕಿ. ಆಮೇಲೆ ನಾನು ಅವರನ್ನು ದೊಡ್ಡವ್ವ ಎಂದೇ ಕರೆದೆ.

"ಏನೂ ಬಿದ್ದಿಲ್ಲ ದೊಡ್ಡವ್ವ, ಮೀನು ನೋಡ್ತಿದ್ದೀನಿ."

"ನೋಡು ನೋಡು. ಅವೇನ್ ನಾಚ್ಕತವಾ?"

ಮೀನಿನ ಮೇಲೆ ಓದುತ್ತಿದ್ದೇನೆ, ಹಿಡಿದು ಅಳೆಯಬೇಕು ಎಂದೆ. ದೊಡ್ಡವ್ವ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು. "ಮೀನ್ ಇಡಿಯಕ್ಕೂ ಓದ್ಬೇಕಾ? ನಮ್ಮಟ್ಟಿ ಬೆಕ್ಕು ಯಾವ್ ಇಸ್ಕೂಲ್ಗೂ ಓಗ್ನಿಲ್ವಲ್ಲಮ್ಮಿ."

ಆ ಮನೆಯವರು ಬಾವಿಯ ಮೀನನ್ನು ತಿನ್ನುವುದಿಲ್ಲ. ನೀರು ಚೊಕ್ಕಟವಾಗಿಡಲಿ ಎಂದು ಬಿಟ್ಟದ್ದು. ಅಳೆದು ಹೆಚ್ಚಿನವನ್ನು ವಾಪಸು ಬಿಡುತ್ತೇನೆ ಎಂದ ಮೇಲೆ ಒಪ್ಪಿದರು. ತಟ್ಟೆಯ ಮುಂದೆ ಕೂತು ನೋಡಿ, "ಅಕ್ಕಸಾಲಿ ಕೂತಂಗ್ ಕೂತಿದ್ದೀಯೆ" ಅಂದರು.

ಆ ಮೀನಿನ ಬೆನ್ನು ಗೂನಾದಂತೆ ಎತ್ತರ. ಮೂತಿ ಮೊಂಡು. ಕಣ್ಣು ತಲೆಗೆ ಅಳತೆ ಮೀರಿ ದೊಡ್ಡದು. ಬಾಲದ ಚುಕ್ಕೆಯಂತೂ ಚುಕ್ಕೆಯಾಗಿರಲಿಲ್ಲ, ಒದ್ದೆ ಬೆರಳಿನಿಂದ ಯಾರೋ ಉಜ್ಜಿದ ಹಾಗೆ ಹಿಂದಕ್ಕೆ ಹರಡಿಕೊಂಡಿತ್ತು. ಎಲ್ಲವೂ ಒಂದೇ ಸಮ ಹಾಗಿದ್ದವೆಂದಲ್ಲ, ಅರ್ಧಂಬರ್ಧ ಇದ್ದವೂ ಸಿಗುತ್ತಿದ್ದವು. ಅಳತೆಗಳನ್ನು ಒಟ್ಟುಮಾಡಿ ಸರಾಸರಿ ತೆಗೆದಾಗ ಅವು ಮರೆಯಾದವು. ಸರಾಸರಿಯ ಕೆಲಸವೇ ಅದು.

ಆ ದಿನವೋ ಆಮೇಲಿನ ಯಾವುದೋ ದಿನವೋ ನಾನು ದೊಡ್ಡವ್ವನಲ್ಲಿ ಕೇಳಬೇಕಾದ್ದನ್ನು ಕೇಳಿದೆ. ಕೆರೆಯ ನೀರು ಈ ಬಾವಿಗೆ ಬರುತ್ತದೆಯೇ? ಇಲ್ಲ, ಕೆರೆ ತಗ್ಗಿನಲ್ಲಿದೆ. ಹೊರಗಿನವರು ಯಾರಾದರೂ ಇದಕ್ಕೆ ಮೀನು ತಂದು ಬಿಟ್ಟಿದ್ದುಂಟೇ?

"ನಮ್ ಬಾವಿಗೆ ವೊರಗ್ನೋರು ಯಾಕ್ ಬುಟ್ಟಾರು? ನಮ್ಮತ್ತೆ ಕಾಲದಲ್ಲೂ ಇವೇ ಇದ್ದೊ."

ಸಂಶೋಧನೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದಿಲ್ಲ. ಮುಚ್ಚಿದ ನೀರು, ಹಳೆಯ ನೀರು, ಹೊರಗಿನ ಬೆರಕೆಯಿಲ್ಲದ ನೀರು.

ಮೈಸೂರಿನಲ್ಲಿ ನನ್ನ ಗೈಡು, ನಿವೃತ್ತಿಗೆ ಹತ್ತಿರವಾಗಿದ್ದ ಮೇಷ್ಟ್ರು, ಅಳತೆಗಳನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಖುಷಿಯಾದಾಗ ಮಾಡುತ್ತಿದ್ದದ್ದು ಅದನ್ನೇ. ಕೂಡಲೇ ಅದನ್ನು ಮತ್ತೆ ಹಾಕಿಕೊಂಡು ಹೇಳಿದರು: "ನೋಡಮ್ಮ, ಆಕಾರ ಅನ್ನೋದು ಊಟ ತಿಂಡಿ ಮಾತೂ ಆಗಿರಬಹುದು. ಬಾವೀಲಿ ಬೆಳಕು ಕಡಿಮೆ, ಕಣ್ಣು ದೊಡ್ಡದಾಗಿದೆ. ನೀರು ಹರಿಯಲ್ಲ, ಮೈ ದಪ್ಪ ಆಗಿದೆ. ವಂಶವೇ ಬೇರೆ ಅಂತ ಹೇಳಬೇಕಾದ್ರೆ ಡಿಎನ್‌ಎ ತೋರಿಸು. ತೋರಿಸಿದ್ರೆ ನಿನ್ನ ಪ್ರಬಂಧ ಅದೇ, ಮಿಕ್ಕಿದ್ದೆಲ್ಲ ಬರೀ ಅಳತೆ."

ಅದಕ್ಕೂ ಮೊದಲು ಒಂದು ಪ್ರಯತ್ನ ಮಾಡಿದೆ. ಬಾವಿಯ ಮರಿಗಳನ್ನೂ ಭೀಮನಬೀಡಿನ ಕೆರೆಯ ಮರಿಗಳನ್ನೂ ಕಾಲೇಜಿನ ತಾರಸಿಯ ಮೇಲೆ ಅಕ್ಕಪಕ್ಕದ ಸಿಮೆಂಟು ತೊಟ್ಟಿಗಳಲ್ಲಿ ಒಂದೇ ಬಿಸಿಲು, ಒಂದೇ ಆಹಾರ ಕೊಟ್ಟು ಬೆಳೆಸಿ ನೋಡುವುದು. ಕೋತಿಗಳು ಬಂದವು. ತೊಟ್ಟಿಗೆ ಇಳಿದು ಮೀಯುವುದು ಅವಕ್ಕೆ ಅಭ್ಯಾಸವಾಯಿತು. "ಮೇಡಂ, ಕೋತಿ ಮೀನ್ ತಿನ್ನಲ್ಲ, ಎದರ್ಕೋಬೇಡಿ. ನಿಮ್ ತೊಟ್ಟಿ ಸ್ನಾನಕ್ಕೆ ಚೆನ್ನಾಗದ ಅಷ್ಟೇಯ" ಎಂದು ಅಟೆಂಡರು ಸಮಾಧಾನ ಹೇಳಿದ. ತಿನ್ನಲಿಲ್ಲ ನಿಜ. ನೀರು ರಾಡಿಯಾಗಿ ಸತ್ತವು. ಉಳಿದ ಕೆಲವೇ ಬಾವಿ ಮರಿಗಳಲ್ಲಿ, ಬಿಸಿಲಿನಲ್ಲಿ ಬೆಳೆದರೂ, ಚುಕ್ಕೆ ಹರಡಿಕೊಂಡೇ ಇತ್ತು. ಮೇಷ್ಟ್ರು ಅಷ್ಟು ಕಡಿಮೆ ಮೀನಿನಿಂದ ಏನನ್ನೂ ಹೇಳಲಾಗದು ಎಂದರು. ಹೇಳಲಾಗದು ಎಂದು ನನಗೂ ಗೊತ್ತಿತ್ತು. ಆದರೆ ಅದು ವಂಶದ್ದೇ ಎಂದು ನಾನು ನಂಬಿಬಿಟ್ಟೆ.

ಡಿಎನ್‌ಎಗೆ ಮೀನನ್ನು ಕೊಲ್ಲಬೇಕಿಲ್ಲ. ಬಾಲದ ರೆಕ್ಕೆಯ ಅಂಚಿನಿಂದ ಕತ್ತರಿಯಲ್ಲಿ ಒಂದು ಚೂರು ತೆಗೆದು ಸ್ಪಿರಿಟ್ಟಿನ ಸಣ್ಣ ಕೊಳವೆಗೆ ಹಾಕಿದರೆ ಸಾಕು. ನಾನು ಎಲ್ಲ ನೀರುಗಳಿಂದಲೂ ಚೂರು ತಂದು ಮೈಸೂರಿನ ಪ್ರಯೋಗಾಲಯವೊಂದಕ್ಕೆ ಒಪ್ಪಿಸಿದೆ. ಸರದಿ ಬಂದು ಪರೀಕ್ಷೆಯಾದಾಗ ಕೆರೆ, ಹೊಳೆ, ಕಾಲುವೆಯವು ಸರಿಯಾಗಿ ಬಂದವು. ಬಾವಿಯವುಗಳ ಡಿಎನ್‌ಎ ಮಾತ್ರ ಒಡೆದು ಚೂರುಚೂರಾಗಿತ್ತು. ಅವಕ್ಕೆ ಬಳಸಿದ ಸ್ಪಿರಿಟ್ಟು ಬೇರೆ ಕ್ಯಾನಿನದು. ಅದರಲ್ಲಿ ನೀರು ಬೆರೆತಿತ್ತು, ಒಳಗಿನ ಮಾಂಸ ಕೊಳೆತಿತ್ತು. ಎಲ್ಲಿ ಬೆರೆಯಿತು, ಅಂಗಡಿಯಲ್ಲೋ ದಾರಿಯಲ್ಲೋ, ತಿಳಿಯಲಿಲ್ಲ. ಫಾರ್ಮಲಿನ್ನಿನಲ್ಲಿಟ್ಟ ಇಡೀ ಮೀನುಗಳಿದ್ದವು, ಅವುಗಳಿಂದ ಡಿಎನ್‌ಎ ಬರುವುದಿಲ್ಲ. ಹೊಸ ಚೂರು ಬೇಕು. ಪ್ರಯೋಗಾಲಯದವರು ಕೊನೆಯದಾಗಿ ಒಂದು ವಾರ ತೋರಿಸಿದರು. ಅದು ತಪ್ಪಿದರೆ ನನ್ನ ಗಡುವಿನೊಳಗೆ ಇನ್ನೊಂದಿರಲಿಲ್ಲ.

ಬಲೆ ಎತ್ತಿಕೊಂಡು ಉಮ್ಮತ್ತೂರಿನ ಬಸ್ಸು ಹತ್ತಿದೆ. ಮನೆಯ ಮುಂದೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗೆ ಕೂಸಿನ ಅಳು.

"ಪುರುಡು ಕಣಮ್ಮಿ," ಎಂದು ದೊಡ್ಡವ್ವ ಜಗುಲಿಯಿಂದಲೇ ಕೈ ತೋರಿಸಿ ತಡೆದರು. "ಸೊಸೆ ಎತ್ಬುಟ್ಲು. ಎಣ್ ಮಗ. ಪುರುಡು ಕಳ್ದು ಗಂಗೆ ಪೂಜೆ ಆಗೋವರ್ಗೂ ಬಾವೀಲಿ ಜೀವ ತಗ್ಯಂಗಿಲ್ಲ."

"ಜೀವ ತೆಗೆಯಲ್ಲ ದೊಡ್ಡವ್ವ. ಬಾಲದ ತುದಿ ಮಾತ್ರ."

"ಬಾಲ ಜೀವಕ್ಕೆ ಸೇರಿಲ್ವಾ?"

ಹೆರಿಗೆಯಾದ ಮನೆಗೆ ಸೂತಕ. ಬಾಣಂತಿ ಮಿಂದು ಬಾವಿಗೆ ಬಂದು ಗಂಗೆಗೆ ಪೂಜೆ ಮಾಡಿ ಮೊದಲ ಕೊಡ ಸೇದಿದ ಮೇಲೆಯೇ ಬಾವಿ ಎಂದಿನ ಬಾವಿ. ಇದು ನನಗೆ ಹೊಸದಲ್ಲ, ನಮ್ಮ ಮನೆಯಲ್ಲೂ ಇತ್ತು. ಪೂಜೆಯ ದಿನ ಲೆಕ್ಕ ಹಾಕಿದೆ. ಪ್ರಯೋಗಾಲಯದ ವಾರದ ಹಿಂದಿನ ದಿನಕ್ಕೆ ಬೀಳುತ್ತಿತ್ತು. ಹಾಗಾದರೆ ಸರಿ. "ಪೂಜೆ ಮುಗಿದ ತಕ್ಷಣ?" ಎಂದೆ. "ಬಾಳೆಹಣ್ ಸಿಪ್ಪೆ ನೀರ್ಗ್ ಬೀಳೋ ಮುಂಚೇನೇ ಬಲೆ ಬುಡು, ಯಾರ್ ಬ್ಯಾಡ ಅಂದ್ರು?" ಎಂದರು.

ಅಷ್ಟು ದಿನ ನಾನು ಏನು ಮಾಡಿದೆ ಎಂಬುದು ನೆನಪಿನಲ್ಲಿ ಇಲ್ಲ. ಪಾಠ ಮಾಡಿರಬೇಕು. ಹೊಸ ಸ್ಪಿರಿಟ್ಟು ತಂದು ಪರೀಕ್ಷಿಸಿದ್ದು ಮಾತ್ರ ಇದೆ, ಬೆಂಕಿಕಡ್ಡಿ ಗೀರಿ ಒಂದು ಹನಿ ಉರಿಸಿ, ಕೆಳಗೆ ನೀರು ಉಳಿಯುತ್ತದೆಯೇ ಎಂದು ಬಗ್ಗಿ ನೋಡಿದ್ದು. ಮತ್ತೆ ಮತ್ತೆ ಉರಿಸಿದ್ದು.

ಪೂಜೆಯ ಬೆಳಿಗ್ಗೆ ನಾನು ಮೊದಲ ಬಸ್ಸಿಗೇ ಹೋದೆ. ಹೆಂಗಸರು ಬಾವಿಯ ಕಟ್ಟೆಯನ್ನು ಸಗಣಿಯಲ್ಲಿ ಸಾರಿಸಿ ಕಲ್ಲುಗಳನ್ನು ತೊಳೆದು ನಿಲ್ಲಿಸಿ ಅರಿಶಿನ ಹಚ್ಚುತ್ತಿದ್ದರು. ಬಾಣಂತಿ ತಲೆಗೆ ಬಟ್ಟೆ ಬಿಗಿದುಕೊಂಡು ಬೇವಿನ ನೆರಳಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ತಾಯಿಗಾಗಿ ಎಲ್ಲರೂ ಕಾಯುತ್ತಿದ್ದರು. ಮದುವೆಯಲ್ಲಿ ಹೆಣ್ಣಿನ ಕಡೆಯವರನ್ನು ಎರಡನೆಯ ಪಂಕ್ತಿಗೆ ಕೂರಿಸಿದರೆಂದು ಆ ತಾಯಿ ಅಂದಿನಿಂದ ಉಮ್ಮತ್ತೂರಿಗೆ ಕಾಲಿಟ್ಟಿರಲಿಲ್ಲ. ಮಾತಿಗೆ ಮಾತು ಬೆಳೆದು ಬಾಣಂತನವೂ ತವರಿನಲ್ಲಾಗದೆ ಗಂಡನ ಮನೆಯಲ್ಲೇ ಆಯಿತು. ಇಂದು ಮೊದಲ ಬಾರಿಗೆ ಬರುತ್ತಿದ್ದಾರೆ. ದೊಡ್ಡವ್ವ ಆಗಾಗ ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆ ನೋಡುತ್ತಿದ್ದರು. ಬರದಿದ್ದರೆ ಏನು ಮಾಡುವುದೆಂಬ ಅಳುಕು ಅವರಲ್ಲಿತ್ತು.

ಬಂದರು. ಸೊಂಟದ ಮೇಲೆ ಆ ಕೊಡ. ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ.

"ಬಾ ಬೀಗ್ತಿ," ಎಂದು ದೊಡ್ಡವ್ವ ಎದ್ದರು. "ದಾರಿ ಮರ್ತೋಗಿತ್ತೇನೋ."

"ಮರೆಯೋದಾ? ಎಲೆ ಆಕಿ ಕಾಯ್ಸಿದ್ ದಾರಿ ಯಾರ್ ಮರೆತಾರು."

"ಇವತ್ ನಿಂದೇ ಮೊದ್ಲ್ ಎಲೆ. ಕುಂತ್ಕೊ, ಉಸಿರ್ ಬುಡು."

ಅಷ್ಟಕ್ಕೇ ಮುಗಿಯಿತು ಜಗಳ, ಅಥವಾ ಮುಗಿಯಿತೆಂದು ಇಬ್ಬರೂ ಒಪ್ಪಿಕೊಂಡರು. ಆ ತಾಯಿ ಕೂರಲಿಲ್ಲ. ನನ್ನತ್ತ ತಿರುಗಿ ನಕ್ಕರು.

"ನೀವೇ ಅಲ್ವ್ರಾ ಮೀನ್ ಮೇಡಮ್ಮು? ನಮ್ಮೂರ್ ಕೆರೆ ತಾವ್ಕೂ ಬಂದಿದ್ರಿ. ಬಲೆ ಕಾಲ್ಗ್ ಸಿಕ್ಕಂಡು ಕೆಸರ್ಗ್ ಬಿದ್ಬುಟ್ರಿ, ಉಡುಗ್ರೆಲ್ಲಾ ನಕ್ರು."

ನನಗೆ ಬಿದ್ದದ್ದು ನೆನಪಿಲ್ಲ. ಭೀಮನಬೀಡಿನ ಕೆರೆ ನನ್ನ ನೆನಪಿನಲ್ಲಿ ಚೆಂಡುಹೂವಿನ ಹೊಲದ ಪಕ್ಕದ, ತಣ್ಣಗಿನ, ಎಲ್ಲವೂ ಸರಿಯಾಗಿ ನಡೆದ ಒಂದು ಮಧ್ಯಾಹ್ನ. ಅವರ ನೆನಪಿನಲ್ಲಿ ನಾನು ಕೆಸರಿನಲ್ಲಿದ್ದೇನೆ. ಅವರದೇ ಸರಿ ಇರಬೇಕು. ಬಿದ್ದವರಿಗಿಂತ ನಕ್ಕವರಿಗೆ ಚೆನ್ನಾಗಿ ನೆನಪಿರುತ್ತದೆ.

"ಮಗ್ಳು ಪೋನ್ ಮಾಡಿ ಏಳಿದ್ಲು, ಮೇಡಮ್ಮು ನಮ್ ಬಾವಿ ಮೀನ್ಗೇಂತ ಕಾಯ್ಕಂಡವ್ರೆ, ಬರದಲ್ಲಿ ಮೀನ್ ವಸಿ ಕಮ್ಮಿ ಆಗೋಗವ ಅಂತ. ಅದ್ಕೇಯ, ನಾಕ್ ಮೀನ್ ತರೋ ತಾವ್ ಕೊಡದ್ ತುಂಬ ತಂದಿವ್ನಿ," ಎಂದು ಅವರು ಬಾಯಿಯ ಬಟ್ಟೆ ಬಿಚ್ಚಿದರು. "ಸತ್ಗಿತ್ತೋದವು ಅಂತ ದಾರಿಯುದ್ದಕ್ಕೂ ಕೈಯಾಡಿಸ್ಕಂಡೇ ಬಂದೆ ಕಣ್ರವ್ವ. ಗುಂಡ್ಲುಪೇಟೇಲಿ ಈರುಳ್ಳಿ ಯಾಪಾರದ ಮಲೆಯಾಳದೋನೊಬ್ಬ, 'ಮೀನಾ ಚೇಚಿ?' ಅಂದ್ಬುಟ್ಟು ಸೀಟ್ ಬುಟ್ಕೊಟ್ಟ."

ನಾನು ಬಗ್ಗಿ ನೋಡಿದೆ. ನೀಳ ಮೈ, ಸಣ್ಣ ಕಣ್ಣು, ಕಾಡಿಗೆಯಂಥ ಚುಕ್ಕೆ. ಭೀಮನಬೀಡಿನ ಪಕ್ಕೆ, ಒಂದೂ ಸತ್ತಿರಲಿಲ್ಲ. ಕೊಡದ ಗೋಡೆಗೆ ಮೂತಿ ತಾಗಿಸಿ ಸುತ್ತುತ್ತಿದ್ದವು.

"ಇವನ್ನ ಏನು ಮಾಡ್ತೀರಿ?" ಎಂದು ಕೇಳಿದೆ. ನನಗೆ ಗೊತ್ತಾಗಿತ್ತು, ಆದರೂ ಕೇಳಿದೆ.

ಉತ್ತರ ಕೊಟ್ಟದ್ದು ದೊಡ್ಡವ್ವ. "ಬಾಣಂತಿ ತವರ್ನ ನೀರು ಬಾವಿಗ್ ಬುಡ್ಬೇಕಲ್ಲಮ್ಮಿ. ಬರೀ ನೀರ್ ಬುಟ್ರೆ ಏನ್ ಬಂತು, ಜೀವ ಇರ್ಬೇಕು ಅದ್ರಲ್ಲಿ. ಈ ಅಟ್ಟೀಲಿ ಮಕ್ಕಳಾದಾಗೆಲ್ಲಾ ಇಂಗೇಯ. ನನ್ ದೊಡ್ ಮಗ ಉಟ್ದಾಗ ನಮ್ಮವ್ವ ತಾಳವಾಡಿ ಕಡೆಯಿಂದ ಕೊಡ ವೊತ್ಕಂಡ್ ಬಂದಿದ್ಲು. ನಮ್ಮತ್ತೆಗೆ ಅವ್ರವ್ವ ಎಲ್ಲಿಂದ ತಂದಿದ್ಲೋ, ಕಾವೇರಿ ಕಡೆಯೋರು ಅವ್ರು."

ಎದೆಯಲ್ಲಿ ಏನೋ ಜಾರಿತು ಎಂದು ಬರೆಯಬಹುದು. ಹಾಗೇನೂ ಆಗಲಿಲ್ಲ. ಮೊದಲು ಬಂದದ್ದು ಬಹಳ ಸಣ್ಣ ಯೋಚನೆ: ಬಲೆ ಚೀಲದಲ್ಲಿದೆ, ಕತ್ತರಿ ಜೇಬಿನಲ್ಲಿದೆ, ಇವರು ಮಂತ್ರ ಗಿಂತ್ರ ಅನ್ನುವುದರೊಳಗೆ ಓಡಿ ಇಳಿದು ಒಂದೇ ಒಂದು ಸಲ ಬೀಸಿದರೆ ಸಾಕು. ದೊಡ್ಡವ್ವನ ಕೈ ಹಿಡಿದು ಬೇವಿನ ಮರದ ಆಚೆ ಕರೆದುಕೊಂಡು ಹೋದೆ.

"ದೊಡ್ಡವ್ವ, ಪೂಜೆಗೆ ಮುಂಚೆ ಒಂದೇ ಸಲ ಬಲೆ ಬಿಡ್ತೀನಿ."

"ಮಗೀಗೆ ತಟ್ತದೆ ಕೂಸು. ಆಗಲ್ಲ."

"ಹಾಗಾದ್ರೆ ಕೊಡದ ನೀರು ಮಾತ್ರ ಸುರೀರಿ. ಮೀನನ್ನ ನಾನು ನಿಮ್ಮ ಊರ ಕೆರೆಗೆ ಬಿಟ್ಟು ಬರ್ತೀನಿ. ಜೀವ ಉಳೀತದೆ. ಈ ಬಾವಿ ಮೀನು ಬೇರೆ, ಅವು ಬೇರೆ. ಸೇರಿಸಿಬಿಟ್ರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಹೋಯ್ತು. ನನ್ನ ಕೆಲಸದ ಮಾತು ಇದು."

ಅವರು ನನ್ನ ಮುಖವನ್ನೇ ನೋಡಿದರು. ಕೋಪವಿರಲಿಲ್ಲ.

"ಮೆತ್ಗ್ ಮಾತಾಡು. ಎರಡ್ನೇ ಪಂಕ್ತಿಗ್ ಕೂರ್ಸುದ್ರು ಅಂತ ಇಷ್ಟ್ ಕಾಲ ಬರ್ನಿಲ್ಲ ಅವ್ಳು. ಈಗ, ನಿಮ್ಮೂರ್ ಮೀನು ನಮ್ ಬಾವಿಗ್ ಸೇರಕಿಲ್ಲ, ಅವು ಬ್ಯಾರೆ ಇವು ಬ್ಯಾರೆ ಅಂತ ನಾ ಏಳ್ಲಾ? ಬಾಣಂತಿ ಮುಂದೆ? ನೀನೇ ಏಳು, ಏಳ್ತೀಯಾ?"

ನಾನು ಬಾಣಂತಿಯ ಕಡೆ ನೋಡಿದೆ.

"ನೀನ್ ಅವತ್ತು ವೊರಗ್ನೋರು ಬುಟ್ಟವ್ರಾ ಅಂದೆ. ಬೀಗ್ರು ವೊರಗ್ನೋರಾ ಕೂಸು?"

ಈ ಕೊನೆಯ ಮಾತನ್ನು ಅವರು ಅಂದೇ ಹೇಳಿದರೋ, ಆಮೇಲೆ ನಾನು ಬಸ್ಸಿನಲ್ಲಿ ಅವರ ಪರವಾಗಿ ಹೇಳಿಕೊಂಡೆನೋ, ನಿಜವಾಗಿಯೂ ತಿಳಿಯದು. ಅಷ್ಟು ಸರಿಯಾಗಿ ಬಂದು ಕೂರುವ ಮಾತಿನ ಮೇಲೆ ನನಗೆ ಅನುಮಾನ.

ಮುಂದಿನದನ್ನು ನಾನು ಎರಡು ಬಗೆಯಾಗಿ ನೋಡುತ್ತೇನೆ. ಒಂದರಲ್ಲಿ ನಾನು ಕಟ್ಟೆಯ ಮೇಲೆಯೇ ಇದ್ದೇನೆ. ಬಾಣಂತಿ ಮಗುವನ್ನು ದೊಡ್ಡವ್ವನ ಕೈಗೆ ಕೊಟ್ಟು, ತಾಯಿಯ ಜೊತೆ ಕೊಡ ಹಿಡಿದು ಮೆಟ್ಟಿಲಿಳಿಯುತ್ತಾಳೆ. ಇಬ್ಬರೂ ಸೇರಿ ಕೊಡವನ್ನು ಓರೆ ಮಾಡುತ್ತಾರೆ. ನೀರು ಬೀಳುವ ಸದ್ದು ಮಾತ್ರ ಮೇಲಕ್ಕೆ ಬರುತ್ತದೆ. ಇನ್ನೊಂದರಲ್ಲಿ ಬಾಣಂತಿಗೆ ತಲೆ ಸುತ್ತಿದಂತಾಗಿ, "ಅಕ್ಕ, ವಸಿ ಇಡ್ಕಳಿ" ಎನ್ನುತ್ತಾಳೆ, ನಾನು ಕೆಳಗಿಳಿದು ಕೊಡದ ತಳಕ್ಕೆ ಕೈ ಕೊಡುತ್ತೇನೆ, ಭಾರ ನನ್ನ ಅಂಗೈಯಿಂದ ಮೆಲ್ಲಗೆ ಕಡಿಮೆಯಾಗುತ್ತದೆ. ಎರಡನೆಯದು ಆಗಿರಲಾರದು. ಆದರೆ ಅಂಗೈಗೆ ಆ ಭಾರ ಗೊತ್ತಿದೆ, ಅದನ್ನು ಎಲ್ಲಿಂದ ತಂದುಕೊಂಡಿತೋ ಕಾಣೆ.

ಸುರಿದಾಯಿತು. ಹೊಸ ಮೀನುಗಳು ಒಂದು ಗಳಿಗೆ ಗುಂಪಾಗಿ ನಿಂತು, ಆಮೇಲೆ ಹರಡಿ ತಳಕ್ಕೆ ಹೋದವು. ಬಾಣಂತಿ ಮೊದಲ ಕೊಡ ಸೇದಿದಳು. ದೊಡ್ಡವ್ವ ನನ್ನತ್ತ ನೋಡಿ, ಕೊಟ್ಟ ಮಾತಿಗೆ ತಪ್ಪದವರ ಗತ್ತಿನಲ್ಲಿ, "ಬುಡಮ್ಮಿ ಬಲೆ, ಇನ್ನೇನ್ ಅಡ್ಡಿ ಇಲ್ಲ" ಎಂದರು.

ಬಿಟ್ಟೆ. ಬೇರೆ ಏನು ಮಾಡಲಿ?

ತಟ್ಟೆಯಲ್ಲಿ ಎರಡೂ ಬಂದವು. ನೋಡುತ್ತಲೇ ಹೇಳಬಹುದಿತ್ತು, ಇದು ಬಾವಿಯದು, ಇದು ಕೊಡದ್ದು. ಗೂನು ಬೆನ್ನಿನವನ್ನು ಮಾತ್ರ ಆರಿಸಿ, ಅವುಗಳ ಬಾಲ ಕತ್ತರಿಸಿ ಕೊಳವೆಗೆ ಹಾಕಿ ಮೈಸೂರಿಗೆ ಕೊಟ್ಟರೆ ಆಯಿತಲ್ಲ, ಎಂದು ಒಂದು ನಿಮಿಷ ಅನಿಸಿತು. ಕತ್ತರಿ ಕೈಯಲ್ಲೇ ನಿಂತಿತು. ನಾನು ಪರೀಕ್ಷಿಸಬೇಕಾದದ್ದು ಬೇರೆ ಆಕಾರದವುಗಳ ವಂಶ ಬೇರೆಯೇ ಎಂಬುದನ್ನು. ಬೇರೆ ಆಕಾರದವನ್ನೇ ಆರಿಸಿಕೊಂಡು, ನೋಡಿ ಬೇರೆಯಾಗಿವೆ ಎಂದರೆ ಅದು ಪರೀಕ್ಷೆಯಲ್ಲ. ಅಲ್ಲದೆ ಅರ್ಧಂಬರ್ಧದವು ಇದ್ದವು, ಬೆನ್ನು ಎತ್ತರ ಆದರೆ ಚುಕ್ಕೆ ಗಟ್ಟಿ, ಕಣ್ಣು ದೊಡ್ಡದು ಆದರೆ ಮೈ ನೀಳ. ಇವು ಇಂದು ಬಂದವಲ್ಲ. ಇವು ಹಿಂದಿನ ಕೊಡಗಳವು, ತಾಳವಾಡಿಯದೋ ಕಾವೇರಿ ಕಡೆಯದೋ. ಇಷ್ಟು ದಿನ ಸರಾಸರಿಯ ಕೆಳಗೆ ನಾನು ಇವನ್ನು ಮಲಗಿಸಿಟ್ಟಿದ್ದೆ.

ಬಾಣಂತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ತಟ್ಟೆಯ ಪಕ್ಕ ಕೂತಳು. "ನಮ್ಮೂರವು ಯಾವು ಅಕ್ಕ?"

ತೋರಿಸಿದೆ. ಅವಳು ಬೆರಳು ನೀರಿಗೆ ಅದ್ದಿ ಒಂದರ ಹಿಂದೆ ಹಿಂದೆ ಹೋದಳು.

"ನಮ್ಮವೇ ಲಕ್ಷಣವಾಗವ. ಇಲ್ಲೀವು ಗೂನ್ಗೂನ."

"ಮೆತ್ಗೆ," ಎಂದರು ಅವಳ ತಾಯಿ ನಗುತ್ತ, ದೊಡ್ಡವ್ವನ ಕಡೆ ಕಣ್ಣು ಹಾಯಿಸಿ. "ಅತ್ತೆ ಕೇಳಿಸ್ಕಂಡಾಳು."

"ಕೇಳಿಸ್ತು ಕೇಳಿಸ್ತು," ಎಂದರು ದೊಡ್ಡವ್ವ ಕಟ್ಟೆಯ ಮೇಲಿನಿಂದ. "ವಸಿ ದಿನ ಇರು, ಈ ನೀರ್ ಕುಡ್ದು ನಿಮ್ಮವೂ ಗೂನಾಯ್ತವೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನೀರಿನಿಂದಲೋ ವಂಶದಿಂದಲೋ ಎಂಬ ನನ್ನ ಇಷ್ಟು ವರ್ಷಗಳ ಪ್ರಶ್ನೆಗೆ ಅವರು ತಮಾಷೆಗೆ ಒಂದು ಉತ್ತರ ಕೊಟ್ಟಿದ್ದರು. ಅದು ಸರಿಯೋ ತಪ್ಪೋ ಹೇಳುವ ದಾರಿ ನನ್ನ ಕಣ್ಣೆದುರೇ ಮುಚ್ಚಿಹೋಗಿತ್ತು.

ನಾನು ಆರಿಸಲಿಲ್ಲ. ಬಲೆಗೆ ಬಂದವೆಲ್ಲದರ ಬಾಲದ ತುದಿ ತೆಗೆದು, ಒಂದೊಂದನ್ನೂ ಒಂದೊಂದು ಕೊಳವೆಗೆ ಹಾಕಿ, ಮೀನುಗಳನ್ನು ನೀರಿಗೆ ಬಿಟ್ಟೆ. ಆ ದಿನ ಮೊದಲ ಎಲೆ ಬೀಗಿತ್ತಿಗೆ ಹಾಕಿದರು, ಎರಡನೆಯದು ನನಗೆ. ಊಟದಲ್ಲಿ ಏನಿತ್ತೋ, ಒಬ್ಬಟ್ಟು ಎಂದು ಬರೆಯಲು ಕೈ ಹೋಗುತ್ತಿದೆ, ಪಾಯಸವೂ ಇರಬಹುದು. ಸಾಯಂಕಾಲದ ಬಸ್ಸಿನಲ್ಲಿ ಕೊಳವೆಗಳ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಮರುದಿನ ಮೈಸೂರಿನಲ್ಲಿ, ಪ್ರಯೋಗಾಲಯಕ್ಕೆ ಹೋಗುವ ಮೊದಲು, ಮೇಷ್ಟ್ರಿಗೆ ಎಲ್ಲ ಹೇಳಿದೆ.

"ಹಳೇ ಬಾವಿ ಮೀನು ಯಾವುದು ಅಂತ ಆರಿಸಬಹುದಾ?" ಎಂದರು. ಅವರಿಗೂ ಗೊತ್ತಿತ್ತು, ಆದರೂ ಕೇಳಿದರು.

"ಕಣ್ಣಳತೇಲಿ ಆರಿಸಬಹುದು ಸಾರ್. ಆರಿಸಿದ್ರೆ ಅರ್ಥ ಇರಲ್ಲ."

"ಮಕ್ಕಳು ಹುಟ್ಟಿದಾಗೆಲ್ಲ ತಂದು ಬಿಡ್ತಾರಾ?"

"ಹೌದಂತೆ."

"ಎಷ್ಟು ತಲೆಮಾರಿಂದ?"

"ಅವರಿಗೇ ಗೊತ್ತಿಲ್ಲ ಸಾರ್."

ಅವರು ಕನ್ನಡಕ ತೆಗೆಯಲಿಲ್ಲ. "ಬಾವಿ ಅಧ್ಯಾಯ ಬಿಟ್ಟುಬಿಡು. ಕೆರೆ, ಹೊಳೆ, ಕಾಲುವೆ ಇಟ್ಕೊಂಡು ಒಪ್ಪಿಸು. ವ್ಯತ್ಯಾಸ ಇಲ್ಲ ಅಂತ ಬರಿ. ವ್ಯತ್ಯಾಸ ಇಲ್ಲ ಅನ್ನೋದೂ ಒಂದು ಫಲಿತಾಂಶ." ಅದು ಯಾವ ಕಾಯಂ ಕೆಲಸವನ್ನೂ ತಂದುಕೊಡದ ಫಲಿತಾಂಶ ಎಂದು ಅವರು ಹೇಳಲಿಲ್ಲ.

"ಈ ಕೊಳವೆ?" ಎಂದೆ.

ಎಸೆದುಬಿಡು ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. ಇಲಾಖೆಯ ಬೀರುವಿನಲ್ಲಿ ಜಾಗವಿದೆ, ಮುಂದೆ ಯಾರಿಗಾದರೂ ಬೇಕಾಗಬಹುದು, ಇಡು ಎಂದರು. ಬೀರುವಿನಲ್ಲಿಡುವ ಪ್ರತಿಯೊಂದಕ್ಕೂ ಚೀಟಿ ಅಂಟಿಸಬೇಕು, ಚೀಟಿಯಲ್ಲಿ ಮೀನಿನ ಮೂಲ ಬರೆಯಬೇಕು. ನಾನು ಪೆನ್ನು ತೆರೆದು ಅವರ ಮುಖ ನೋಡಿದೆ. ಭೀಮನಬೀಡು, ತಾಳವಾಡಿ, ಕಾವೇರಿಯ ಕಡೆಯ ಹೆಸರು ಮರೆತ ಯಾವುದೋ ಊರು, ಅದರ ಹಿಂದಿನ ತಾಯಂದಿರು ಹೊತ್ತು ತಂದ ಇನ್ನೆಷ್ಟೋ ಊರು. ಆ ಸಣ್ಣ ಚೀಟಿಯಲ್ಲಿ ಒಂದು ಪದಕ್ಕೆ ಜಾಗವಿತ್ತು, ಬಹಳವೆಂದರೆ ಎರಡಕ್ಕೆ.

"ಮೂಲ ತಿಳಿಯದು ಅಂತ ಬರೆದುಬಿಡಮ್ಮ," ಎಂದರು ಮೇಷ್ಟ್ರು.

ಒಂದೊಂದು ಚೀಟಿಯ ಮೇಲೂ ಹಾಗೆಯೇ ಬರೆದೆ.